ಪಾಗು, ಪಗೋ, ಪಗಾರ: ಪೋರ್ಚುಗೀಸ್ ಎ2 ಪರೀಕ್ಷೆ ಮುಗಿಸಿದ ಕಥೆ

ಹೋದ ವಾರ ರಿಸಲ್ಟ್ ಬಂತು, ಪಾಸಾದೆ. ಎರಡನೇ ಸಲಕ್ಕೆ. ಇಲ್ಲಿ ಲಿಸ್ಬನ್‌ನಲ್ಲಿರೋ ನಮ್ಮ ಕನ್ನಡದವರು ಮೂರ್ನಾಲ್ಕು ಜನ ಆಗ್ಲೇ ಫೋನ್ ಮಾಡಿ ಹೆಂಗ್ ಓದಿದ್ರಿ, ಯಾವ ಪುಸ್ತಕ, ಎಷ್ಟು ಖರ್ಚು ಅಂತ ಕೇಳಿದ್ರು, ಎಲ್ಲರಿಗೂ ಒಂದೇ ಮಾತು ಹೇಳಿ ಹೇಳಿ ಸಾಕಾಗಿ ಇಲ್ಲೇ ಬರೆದುಬಿಡ್ತೀನಿ. ಉದ್ದ ಇದೆ, ಚಾ ಮಾಡ್ಕೊಂಡು ಕೂತ್ಕೊಳ್ಳಿ. ಪುಸ್ತಕದ ಹೆಸರಿಗಿಂತ ಒಂದು ವಿಷಯ ಮುಖ್ಯವಾಗಿ ಹೇಳ್ಬೇಕು ಅದಕ್ಕೇ ಬರೀತಿರೋದು: ಕ್ರಿಯಾಪದಗಳಲ್ಲಿ ಒತ್ತು ಯಾವ ಅಕ್ಷರದ ಮೇಲೆ ಬೀಳತ್ತೆ ಅನ್ನೋದು. ಒಂದು ವರ್ಷ ನಂಗೆ ಇದು ಯಾರೂ ಸರಿಯಾಗಿ ಹೇಳ್ಲಿಲ್ಲ, ಹೇಳಿದ್ರೂ ನನ್ನ ಕಿವಿಗೆ ಬೀಳ್ಲಿಲ್ಲ.

ನಾನು ಧಾರವಾಡದವಳು. ಯಜಮಾನರ ಕೆಲಸಕ್ಕೆ ಅಂತ ಕೆಲವು ವರ್ಷದ ಹಿಂದೆ ಬಂದ್ವಿ, ಮನೆ ಲಿಸ್ಬನ್ ಪಕ್ಕದ ಅಮದೋರಾದಲ್ಲಿ, ದಿನಾ ಸಿಂತ್ರಾ ಲೈನ್ ಟ್ರೈನ್ ಹಿಡಿದು ಆಫೀಸಿಗೆ ಹೋಗ್ತೀನಿ. ಆಫೀಸಲ್ಲಿ ಎಲ್ಲಾ ಇಂಗ್ಲಿಷು. ಅಂಗಡೀಲಿ ಬೋಂ ದಿಯ (ನಮಸ್ಕಾರ), ಒಬ್ರಿಗಾದ (ಥ್ಯಾಂಕ್ಸ್) ಅಂದ್ರೆ ಕೆಲಸ ನಡೀತಿತ್ತು. ಐದು ವರ್ಷ ಆದ್ಮೇಲೆ ಪರ್ಮನೆಂಟ್ ರೆಸಿಡೆನ್ಸ್‌ಗೆ ಹಾಕೋಣ ಅಂತ ಕೂತಾಗ ಪೋರ್ಚುಗೀಸ್ ಬರತ್ತೆ ಅಂತ ತೋರಿಸೋ ಕಾಗದ ಬೇಕು ಅನ್ನೋದು ಕಣ್ಣಿಗೆ ಬಿತ್ತು. ಮಟ್ಟ ಎ2, ಅಂದ್ರೆ ದಿನನಿತ್ಯದ ಮಾತು ನಡೆಸೋವಷ್ಟು.

ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಸರ್ಕಾರದ ಉಚಿತ ಕೋರ್ಸು, ಪೋರ್ತುಗೇಶ್ ಲೀಂಗ್ವ ದ ಅಕೊಲ್ಯಿಮೆಂತು ಅಂತಾರೆ, ಎಲ್ಲರ ಬಾಯಲ್ಲೂ ಬರೀ ಪಿಎಲ್‌ಎ. ಎ1 ಮತ್ತು ಎ2 ಸೇರಿ 150 ಗಂಟೆ, ಮುಗಿಸಿದ್ರೆ ಅದರ ಸರ್ಟಿಫಿಕೇಟೇ ಸಾಕು, ಬೇರೆ ಪರೀಕ್ಷೆ ಬೇಡ. ಎರಡನೇದು, ಲಿಸ್ಬನ್ ಯೂನಿವರ್ಸಿಟಿಯ ಕಾಪ್ಲೆ ಅನ್ನೋ ಕೇಂದ್ರ ನಡೆಸೋ ಸೀಪ್ಲೆ ಪರೀಕ್ಷೆ. ನಾನು ಮೊದಲು ಉಚಿತದ್ದಕ್ಕೇ ಹೆಸರು ಕೊಟ್ಟೆ. ನಾಲ್ಕು ತಿಂಗಳು ಕಾದೆ. ಕರೆ ಬಂತು, ಮನೆ ಹತ್ರದ ಸರ್ಕಾರಿ ಶಾಲೆಯಲ್ಲಿ ಸಂಜೆ ಕ್ಲಾಸು, ಖುಷಿಯಾಗಿ ಹೋದೆ. ಎರಡು ತಿಂಗಳಿಗೆ ಆಫೀಸಲ್ಲಿ ನನ್ನ ಶಿಫ್ಟ್ ಬದಲಾಯ್ತು, ಹಾಜರಿ ಕಮ್ಮಿಯಾಯ್ತು, ಬಿಡ್ಬೇಕಾಯ್ತು. ಅವತ್ತು ಟ್ರೈನಲ್ಲಿ ಕೂತು ಅತ್ತಿದ್ದು ನಿಜ. ನಿಮ್ಮ ಕೆಲಸದ ಟೈಮು ಗ್ಯಾರಂಟಿ ಇದ್ರೆ ಮಾತ್ರ ಕೋರ್ಸ್ ದಾರಿ ಹಿಡೀರಿ, ಅದು ನಿಜವಾಗ್ಲೂ ಒಳ್ಳೇದು. ಇಲ್ಲಾಂದ್ರೆ ಮೊದಲೇ ಪರೀಕ್ಷೆಗೆ ಹೆಸರು ಕಟ್ಟಿ.

ಈಗ ಪಗೋ ವಿಷಯ.

ಆ ಸುಮಾರಿಗೆ ಒಂದು ಕಾಗದ ಮಾಡಿಸೋಕೆ ಒಂದು ಆಫೀಸಿಗೆ ಹೋಗಿದ್ದೆ. ಟೋಕನ್ ತಗೊಂಡು ಒಂದೂವರೆ ಗಂಟೆ ಕಾದು ಕೌಂಟರ್ ಮುಂದೆ ಕೂತೆ, ಎಲ್ಲಾ ಕಾಗದ ನೋಡಿದ್ರು, ಫೀಸ್ ವಿಷಯ ಬಂತು. ನಾನು ಕಾರ್ಡ್ ತೆಗೀತಾ "ಪಗೋ" ಅಂದೆ. ನನ್ನ ಮನಸ್ಸಲ್ಲಿ ಅದು "ನಾನು ಕೊಡ್ತೀನಿ". ಪುಸ್ತಕದಲ್ಲಿ ಪಿ ಎ ಜಿ ಓ ಅಂತ ಇದೆಯಲ್ಲ, ಓ ಇದೆ ಅಂದ್ಮೇಲೆ ಓ ಅಂತ ಓದಿದೆ. ಕೌಂಟರಲ್ಲಿದ್ದ ಹೆಂಗಸು ತಲೆಯಾಡಿಸಿ ನನ್ನ ಕಾಗದಾನ ಇನ್ನೊಂದು ಟ್ರೇಗೆ ಹಾಕಿ ರಸೀದಿ ಕೇಳಿದ್ರು. ಯಾವ ರಸೀದಿ? ನಾನು ಮತ್ತೆ "ಪಗೋ, ಪಗೋ" ಅಂದೆ ಇನ್ನೂ ಜೋರಾಗಿ. ಅವರು ಕಂಪ್ಯೂಟರಲ್ಲಿ ಹುಡುಕಿದ್ರು, ಪಕ್ಕದವರನ್ನ ಕೇಳಿದ್ರು, ಒಳಗೆ ಹೋಗಿ ಬಂದ್ರು. ಹಿಂದೆ ಕಾಯ್ತಿದ್ದವರ ಕಣ್ಣೆಲ್ಲಾ ನನ್ನ ಬೆನ್ನ ಮೇಲೆ. ಕೊನೆಗೆ ಇಂಗ್ಲಿಷ್ ಬರೋ ಒಬ್ಬ ಹುಡುಗ ಬಂದು ಬಿಡಿಸಿ ಹೇಳಿದ: ಪಗೋ ಅಂದ್ರೆ "ಕೊಟ್ರು", ಹಣ ಕಟ್ಟಿ ಆಗಿದೆ ಅಂತ. "ಕೊಡ್ತೀನಿ" ಅನ್ನೋಕೆ ಪಾಗು ಅನ್ನಬೇಕು. ಒತ್ತು ಮೊದಲನೇ ಅಕ್ಷರದ ಮೇಲೆ, ಕೊನೆಯ ಓ ಒತ್ತು ಕಳ್ಕೊಂಡು ಉ ಆಗಿಬಿಡತ್ತೆ. ಕಟ್ಟಿದ್ದರ ರೂಪ ಬೇರೆ, ಅದರ ಕೊನೇಲಿ ಓ ಯು ಅಂತ ಬರೀತಾರೆ, ಒತ್ತು ಕೊನೆಗೆ, ಲಿಸ್ಬನ್‌ನವರ ಬಾಯಲ್ಲಿ ಅಚ್ಚುಕಟ್ಟಾಗಿ ಪ-ಗೋ. ಅಂದ್ರೆ ನಾನು ತಪ್ಪು ಪದ ಹೇಳಿರ್ಲಿಲ್ಲ, ಸರಿಯಾದ ಇನ್ನೊಂದು ಪದ ಹೇಳಿದ್ದೆ. ಅವರಿಗೆ ಅನುಮಾನ ಬರೋದಾದ್ರೂ ಹೆಂಗೆ!

ಮನೆಗೆ ಬಂದು ಪುಸ್ತಕದ ಟೇಬಲ್ ತೆಗೆದು ನೋಡಿದೆ. ಒಂದೇ ಕ್ರಿಯಾಪದಕ್ಕೆ ಎಷ್ಟೊಂದು ರೂಪ, ನಾನು, ನೀನು, ಅವನು, ನಾವು, ಅವರು, ಆಮೇಲೆ ಇವತ್ತು, ನಿನ್ನೆ, ಮೊದಲೆಲ್ಲಾ, ನಾಳೆ. ನಾನು ಅದನ್ನೆಲ್ಲಾ ಕಣ್ಣಲ್ಲಿ ಬಾಯಿಪಾಠ ಮಾಡಿದ್ದೆ, ಬರೆದು ಬರೆದು. ಕಿವಿಯಿಂದ ಒಂದೂ ಕಲಿತಿರ್ಲಿಲ್ಲ.

ಹಂಗೇ ಮೊದಲನೇ ಪರೀಕ್ಷೆಗೆ ಹೋದೆ, ಹೋಗಬಾರದಿತ್ತು. ನೋಂದಣಿ ಆನ್‌ಲೈನಲ್ಲಿ, ಕೇಂದ್ರ ಆರಿಸ್ಕೊಂಡು ಫೀಸ್ ಕಟ್ಟೋದು, ನೂರು ಯೂರೋ ಒಳಗೇ. ವರ್ಷಕ್ಕೆ ಕೆಲವೇ ಸಲ ನಡೆಯತ್ತೆ, ಸೀಟು ಬೇಗ ತುಂಬತ್ತೆ, ಅದಕ್ಕೆ ನೋಂದಣಿ ಶುರುವಾದ ದಿನಾನೇ ಕೂತು ಮಾಡ್ಬೇಕು. ಹೆಸರು ಪಾಸ್‌ಪೋರ್ಟಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರ. ನಮ್ಮಲ್ಲಿ ಗಂಡನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಸೇರಿ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರತ್ತೆ, ಸರ್ಟಿಫಿಕೇಟಲ್ಲಿ ತಪ್ಪಾದ್ರೆ ಆಮೇಲೆ ಒದ್ದಾಟ. ಪರೀಕ್ಷೆಗೆ ಮೂರು ಭಾಗ: ಓದೋದು ಬರೆಯೋದು ಸೇರಿ ಒಂದು, ಒಂದೂಕಾಲು ಗಂಟೆ, 45 ಪರ್ಸೆಂಟ್. ಕೇಳಿಸ್ಕೊಂಡು ಉತ್ತರ ಕೊಡೋದು ಅರ್ಧ ಗಂಟೆ, 30. ಮಾತಾಡೋದು ಹತ್ತು ಹದಿನೈದು ನಿಮಿಷ, 25. ಪಾಸಾಗೋಕೆ ಒಟ್ಟು 55.

ನಂಗೆ ಬಂದಿದ್ದು 52.

ಮೂರು ಮಾರ್ಕಿಗೆ ಹೋಯ್ತು, ಎರಡು ತಿಂಗಳು ಕಾದು ಆಮೇಲೆ. ಎಲ್ಲಿ ಹೋಯ್ತು ಅಂತ ಯಾರೂ ಹೇಳ್ಬೇಕಿರ್ಲಿಲ್ಲ, ಕೇಳಿಸ್ಕೊಳ್ಳೋ ಭಾಗದಲ್ಲಿ ಕೂತಿದ್ದಾಗ್ಲೇ ಗೊತ್ತಾಗಿತ್ತು. ಪದ ಎಲ್ಲಾ ಗೊತ್ತಿರೋದೇ, ಯಾವಾಗ ಆಗಿದ್ದು ಅನ್ನೋದೇ ಗೊತ್ತಾಗ್ತಿರ್ಲಿಲ್ಲ. ಹೋದ್ರಾ, ಹೋಗ್ತಾರಾ, ಹೋಗ್ತಿದ್ರಾ?

ಆಮೇಲೆ ಒಬ್ಬ ಟೀಚರ್ ಹಿಡಿದೆ. ರಿಟೈರ್ ಆದ ಪ್ರೈಮರಿ ಶಾಲೆ ಟೀಚರು, ಗಂಟೆಗೆ 15 ಯೂರೋ, ಒಟ್ಟು ಹನ್ನೆರಡು ಕ್ಲಾಸು ಅಂದ್ರೆ 180 ಯೂರೋ. ನಾನು ಹಾಕಿದ ದುಡ್ಡಲ್ಲಿ ಇದೇ ಸಾರ್ಥಕವಾಗಿದ್ದು. ಮೊದಲನೇ ದಿನಾನೇ ಅವರು ಪುಸ್ತಕ ಮುಚ್ಚಿಸಿ ಚಪ್ಪಾಳೆ ಹೊಡೆಸಿದ್ರು. ಇಲ್ಲಿ ಸಣ್ಣ ಮಕ್ಕಳಿಗೆ ಹಂಗೇ ಕಲಿಸ್ತಾರಂತೆ, ಪದವನ್ನ ಅಕ್ಷರ ಅಕ್ಷರ ಬಿಡಿಸಿ ಒಂದೊಂದಕ್ಕೂ ಒಂದು ಚಪ್ಪಾಳೆ, ಒತ್ತು ಇರೋ ಕಡೆ ಮೇಜು ಕುಟ್ಟೋದು. ಫಲಾರ್ ಅಂದ್ರೆ ಮಾತಾಡೋದು: ಫ ಚಪ್ಪಾಳೆ, ಲಾರ್ ಕುಟ್ಟು. ಫಾ-ಲು, ಮಾತಾಡ್ತೀನಿ: ಮೊದಲೇ ಕುಟ್ಟು. ಫ-ಲೋ, ಮಾತಾಡಿದ: ಕೊನೇಲಿ ಕುಟ್ಟು. ಒತ್ತು ಬೀಳೋ ಅಕ್ಷರಕ್ಕೆ ಸೀಲಬ ತೋನಿಕ ಅಂತಾರೆ. ಈ ಒತ್ತನ್ನ ನಮ್ಮ ಒತ್ತಕ್ಷರ ಅಂದ್ಕೋಬೇಡಿ, ಇದು ದನಿಯ ಭಾರ.

ಆದ್ರೂ ಮೂರು ಕ್ಲಾಸ್ ತನಕ ನಂಗೆ ಭಾರ ಕೇಳಿಸ್ತಾನೇ ಇರ್ಲಿಲ್ಲ. ಅವರು ಎರಡು ಸಲ ಹೇಳಿ ವ್ಯತ್ಯಾಸ ಏನು ಅಂತ ಕೇಳಿದ್ರೆ ಎರಡೂ ಒಂದೇ ಅಂತಿದ್ದೆ. ಕನ್ನಡದಲ್ಲಿ ಒತ್ತು ಹಾಕಿ ಅರ್ಥ ಬದಲಾಯ್ಸೋ ಪದ್ಧತಿ ಇಲ್ಲ ನೋಡಿ, ಕಿವಿಗೆ ಆ ರೂಢಿನೇ ಇಲ್ಲ.

ಆಗ ಒಂದು ಭಾನುವಾರ ಅವ್ವ ಫೋನಲ್ಲಿ, ನಾನು ಸೊಪ್ಪು ಸೋಸ್ತಾ ಸ್ಪೀಕರ್ ಹಾಕಿದ್ದೆ, ತಮ್ಮನ ಹೊಸ ಕೆಲಸದ ಬಗ್ಗೆ ಹೇಳ್ತಿದ್ರು. "ಈ ತಿಂಗಳದ ಪಗಾರ ಇನ್ನೂ ಬಂದಿಲ್ಲಂತವಾ." ಕೈಯಲ್ಲಿ ಸೊಪ್ಪು ಹಂಗೇ ನಿಂತುಬಿಡ್ತು. ಪಗಾರ. ಪ-ಗಾರ್! ನಮ್ಮ ಕಡೆ ಸಂಬಳಕ್ಕೆ ಪಗಾರ ಅನ್ನೋದು ಪೋರ್ಚುಗೀಸರ ಪಗಾರ್ ಅನ್ನೋ ಕ್ರಿಯಾಪದದಿಂದಲೇ ಬಂದಿದ್ದು, ಹಣ ಕೊಡೋದು ಅಂತ ಅರ್ಥ. ಅಷ್ಟು ಮೊದಲೂ ಗೊತ್ತಿತ್ತು. ಆದ್ರೆ ಅವತ್ತು ಹೊಳೆದಿದ್ದು ಬೇರೆ: ಗಾ ಯಾಕೆ ದೀರ್ಘ? ಪೋರ್ಚುಗೀಸ್‌ನಲ್ಲಿ ನಮ್ಮ ಥರ ಹ್ರಸ್ವ ದೀರ್ಘ ಅಂತ ಬೇರೆ ಬೇರೆ ಸ್ವರ ಇಲ್ಲ. ಅಲ್ಲಿ ಇರೋದು ಒತ್ತು. ಒತ್ತು ಬಿದ್ದ ಅಕ್ಷರ ಸ್ವಲ್ಪ ಎಳೀತಾರೆ, ಆ ಎಳೆತ ನಮ್ಮವರ ಕಿವಿಗೆ ದೀರ್ಘವಾಗಿ ಬಿದ್ದಿದೆ!

ಫೋನ್ ಇಟ್ಟ ಮೇಲೆ ಒಂದೊಂದೇ ಪದ ಹಾಕಿ ನೋಡಿದೆ. ಚಾವಿ: ಅವರ ಪದದಲ್ಲಿ ಒತ್ತು ಮೊದಲನೇದರ ಮೇಲೆ, ನಮ್ಮಲ್ಲಿ ಚಾ ದೀರ್ಘ. (ಈಗ ಲಿಸ್ಬನ್‌ನಲ್ಲಿ ಶಾವ್ ಅಂತಾರೆ, ಹಿಂದೆ ಅವರೂ ಚ ಅಂತಲೇ ಅಂತಿದ್ರು, ನಮ್ಮ ಚಾವಿ ಆ ಹಳೇ ಉಚ್ಚಾರ ಉಳಿಸ್ಕೊಂಡಿದೆ.) ಬಟಾಟಿ: ಅವರದ್ದು ಬ-ತಾ-ತ, ಒತ್ತು ನಡುವೆ, ನಮ್ಮ ಟಾ ನಡುವೆ. ಪಾದ್ರಿ, ಒತ್ತು ಮೊದಲು. ಅಲಮಾರಿ, ಅವರದ್ದು ಅರ್-ಮಾ-ರಿಯು, ಮಾ ಮೇಲೆ ಒತ್ತು. ಇವು ಕೊಂಕಣಿ, ಮರಾಠಿ, ಹಿಂದಿ ಎಲ್ಲಾ ದಾಟಿ ನಮ್ಮ ತನಕ ಬಂದಿವೆ, ಆದ್ರೂ ಭಾರ ಕೂತ ಜಾಗ ಬಿಟ್ಟಿಲ್ಲ. ಅನಾನಸ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ, ಅವರು ಕೊನೇಲಿ ಒತ್ತು ಹಾಕಿ ಅ-ನ-ನಾಶ್ ಅಂತಾರೆ. ಒಂದು ತಪ್ಪಿದ್ರೆ ತಪ್ಪಲಿ. ನಾನು ಕೇಳಿಸ್ತಿಲ್ಲ ಅಂತಿದ್ದೆನಲ್ಲ, ನಮ್ಮ ಊರಿನ ಕಿವಿ ಎಷ್ಟೋ ವರ್ಷದ ಹಿಂದೇನೇ ಅದನ್ನ ಕೇಳಿಸ್ಕೊಂಡು ದೀರ್ಘ ಹಾಕಿ ಇಟ್ಟಿದೆ.

ಕನ್ನಡದೋರಿಗೆ ಬಿಡು ಬೇರೆ ಬೀಡು ಬೇರೆ, ನಡು ಬೇರೆ ನಾಡು ಬೇರೆ, ಮೂರು ವರ್ಷದ ಮಗೂಗೂ ಗೊತ್ತು. ಹಂಗಾದ್ರೆ ಒತ್ತನ್ನ ಒತ್ತಾಗಿ ಕೇಳೋಕೆ ಒದ್ದಾಡೋದು ಯಾಕೆ, ದೀರ್ಘವಾಗಿ ಕೇಳಿದ್ರೆ ಆಯ್ತಲ್ಲ! ಅವತ್ತು ರಾತ್ರಿನೇ ಹೊಸ ನೋಟ್‌ಬುಕ್ ತಗೊಂಡು ಎಲ್ಲಾ ಕ್ರಿಯಾಪದ ಕನ್ನಡ ಲಿಪಿಯಲ್ಲಿ ಬರೆಯೋಕೆ ಶುರು ಮಾಡಿದೆ. ನಿಯಮ ಒಂದೇ, ಒತ್ತು ಇರೋ ಅಕ್ಷರ ದೀರ್ಘ, ಮಿಕ್ಕಿದ್ದೆಲ್ಲಾ ಹ್ರಸ್ವ. ಫಾಲು, ಫಾಲಶ್, ಫಾಲ, ಫಲಾಮುಶ್, ಫಾಲೌಂ: ಇವತ್ತಿನದು. ಫಲೇಯ್, ಫಲಾಶ್ತ್, ಫಲೋ, ಫಲಾಮುಶ್, ಫಲಾರೌಂ: ನಿನ್ನೆಯದು. ಬರೆದು ಮುಗಿಸಿ ನೋಡಿದ್ರೆ ಟೇಬಲಿನ ಗುಟ್ಟು ತಾನೇ ಕಾಣಿಸ್ತಿದೆ. ಇವತ್ತಿನದರಲ್ಲಿ "ನಾವು" ಬಿಟ್ಟು ಎಲ್ಲದರಲ್ಲೂ ಮೊದಲನೇ ಫಾ ದೀರ್ಘ, ಅಂದ್ರೆ ಭಾರ ಧಾತುವಿನ ಮೇಲೆ. ನಿನ್ನೆಯದಕ್ಕೆ ಹೋದ ಕೂಡ್ಲೇ ಫ ಹ್ರಸ್ವ, ಭಾರ ಪ್ರತ್ಯಯಕ್ಕೆ ಜಾರಿದೆ. ಕೇಳೋವಾಗ ಕೊನೆ ತನಕ ಕಾಯೋದೇ ಬೇಡ, ಮೊದಲನೇ ಅಕ್ಷರ ಗಟ್ಟಿಯಾಗಿ ಬಂದ್ರೆ ಸಾಮಾನ್ಯವಾಗಿ ಇವತ್ತಿನ ಮಾತು, ಹಗುರಾಗಿ ಬಂದ್ರೆ ಬೇರೆ ಕಾಲ. ಇದು ನಿಯಮಬದ್ಧ ಕ್ರಿಯಾಪದಕ್ಕೆ ಮಾತ್ರ. ತೀವ್ (ನನ್ನ ಹತ್ರ ಇತ್ತು), ದೀಸ್ (ಹೇಳಿದೆ), ಫೀಶ್ (ಮಾಡಿದೆ) ಅನ್ನೋ ಹಟಮಾರಿಗಳಲ್ಲಿ ಭೂತಕಾಲದಲ್ಲೂ ಒತ್ತು ಮೊದಲೇ ಬರತ್ತೆ, ಅವನ್ನ ಬೇರೆ ಬಾಯಿಪಾಠ ಮಾಡ್ಬೇಕು, ಬೇರೆ ದಾರಿ ಇಲ್ಲ.

ನೋಟ್‌ಬುಕ್ ಟೀಚರಿಗೆ ತೋರಿಸಿದೆ. ಲಿಪಿ ಅವರಿಗೆ ಓದೋಕೆ ಬರಲ್ಲ, ಆದ್ರೆ ನಾನು ಓದಿ ಹೇಳಿದಾಗ ಮೊದಲನೇ ಸಲ ಅವರು ಮಧ್ಯದಲ್ಲಿ ತಡೀಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಆ ಪುಟದಲ್ಲಿದ್ದ ದೀರ್ಘದ ಗುರುತುಗಳನ್ನ ಬೆರಳಲ್ಲಿ ಒಂದೊಂದಾಗಿ ಮುಟ್ಟಿ ನೋಡಿದ್ರು.

ಆಮೇಲೆ ಇನ್ನೊಂದು ನೆನಪಾಯ್ತು, ಹೈಸ್ಕೂಲಿನ ಛಂದಸ್ಸು. ಯಮಾತಾರಾಜಭಾನಸಲಗಂ! ಮೂರು ಅಕ್ಷರದ ಪೋರ್ಚುಗೀಸ್ ಪದಕ್ಕೆ ಪ್ರಸ್ತಾರ ಹಾಕಿದ್ರೆ ಒಂದೇ ಒಂದು ಗುರು, ಎರಡು ಲಘು, ಹಂಗಾಗಿ ಮೂರೇ ಗಣ ಸಾಧ್ಯ. ಗುರು ಮೊದಲು ಬಂದ್ರೆ ಭಗಣ (— ∪ ∪), ಅವರು ಅದಕ್ಕೆ ಎಶ್ದ್ರೂಶುಲ ಅಂತಾರೆ. ನಡುವೆ ಬಂದ್ರೆ ಜಗಣ (∪ — ∪), ಅವರದ್ದು ಗ್ರಾವ್. ಕೊನೆಗೆ ಬಂದ್ರೆ ಸಗಣ (∪ ∪ —), ಅವರದ್ದು ಅಗೂದ. ದೂ-ವಿ-ದ ಭಗಣ, ಅಂದ್ರೆ ಅನುಮಾನ. ದು-ವೀ-ದ ಜಗಣ, ಅಂದ್ರೆ ಅವನು ಅನುಮಾನ ಪಡ್ತಾನೆ. ಅಕ್ಷರ ಅವವೇ. ಸ-ಬೀ-ಅ ಅಂದ್ರೆ ಗೊತ್ತಿತ್ತು, ಸಾ-ಬಿ-ಯ ಅಂದ್ರೆ ಜಾಣೆ. ಎಂಟನೇ ಕ್ಲಾಸಲ್ಲಿ ಗಣ ಹಾಕಿಸಿದ ನಮ್ಮ ಕನ್ನಡ ಮಾಸ್ತರ್ರನ್ನ ಎಷ್ಟು ಸಲ ನೆನೆಸ್ಕೊಂಡೆನೋ.

ಒಂದು ಎಚ್ಚರಿಕೆ ಹೇಳ್ಬೇಕು, ನಾನು ಇಲ್ಲಿ ಎಡವಿದ್ದೀನಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋ ನಮ್ಮ ನಿಯಮ ಅಲ್ಲಿ ನಡೆಯಲ್ಲ. "ಕೇಳಿದೆ" ಅನ್ನೋಕೆ ಪರ್-ಗುನ್-ತೇಯ್ ಅನ್ನಬೇಕು. ನಮ್ಮ ಲೆಕ್ಕಕ್ಕೆ ಪರ್ ಗುರು, ಗುನ್ ಗುರು, ತೇ ಗುರು, ಮೂರಕ್ಕೂ ಭಾರ ಹಾಕಿ ಹೇಳ್ತಿದ್ದೆ, ಕೇಳೋರಿಗೆ ಏನೂ ಅರ್ಥ ಆಗ್ತಿರ್ಲಿಲ್ಲ. ಅಲ್ಲಿ ವ್ಯಂಜನ ಎಷ್ಟೇ ಒತ್ತಾಗಿ ಕೂತಿರ್ಲಿ, ಭಾರ ಒಂದೇ ಕಡೆ. ಪರ್ ಗುನ್ ಎರಡನ್ನೂ ಓಡಿಸಿ ತೇಯ್ ಮೇಲೆ ನಿಲ್ಲಬೇಕು.

ಇನ್ನು ಒತ್ತಿಲ್ಲದ ಸ್ವರಗಳ ಕಥೆ. ಪೋರ್ಚುಗಲ್‌ನವರು ಅದನ್ನ ನುಂಗಿಬಿಡ್ತಾರೆ, ಇದೇ ನಮಗೆ ದೊಡ್ಡ ಕಷ್ಟ. ಬರೆಯೋವಾಗ ಎಸ್-ತಾ ಅಂತ ಎರಡು ಅಕ್ಷರ, ಬಾಯಲ್ಲಿ ಬರೀ ಶ್ತಾ. ತೆಲೆಫೊನಾರ್ ಅಂತ ನಾಲ್ಕು ಅಕ್ಷರ ಬರೆದು ಬಾಯಲ್ಲಿ ತ್ಲ್‌ಫುನಾರ್. ಹಂಗಾಗಿ ಒತ್ತು ಜಾರಿದ್ರೆ ಸ್ವರಾನೇ ಬದಲಾಗತ್ತೆ: ನಾನು ವಾಸ ಮಾಡ್ತೀನಿ ಅನ್ನೋಕೆ ಮೋ-ರು, ವಾಸ ಮಾಡೋದು ಅನ್ನೋಕೆ ಮು-ರಾರ್, ಅದೇ ಓ ಉ ಆಗಿಬಿಡ್ತು. ಪರೀಕ್ಷೆಯ ಮಾತಿನ ಭಾಗದಲ್ಲಿ ಎಲ್ಲಿರ್ತೀರಿ ಅಂತ ಕೇಳೇ ಕೇಳ್ತಾರೆ, ಈ ಒಂದು ಕ್ರಿಯಾಪದ ಮೊದಲು ಸರಿ ಮಾಡ್ಕೊಳ್ಳಿ.

ಅತೀ ಕಷ್ಟ ಆಗಿದ್ದು ಯಾವುದು ಅಂದ್ರೆ "ಬಂದ್ರು" ಮತ್ತು "ಬರ್ತಾರೆ", ತಲುಪೋ ಅರ್ಥದಲ್ಲಿ. ಶ-ಗಾ-ರೌಂ ಬಂದ್ರು, ಶ-ಗ-ರೌಂ ಬರ್ತಾರೆ. ಕೊನೆಯ ರೌಂ ಎರಡರಲ್ಲೂ ಒಂದೇ ಮೂಗಿನ ಸ್ವರ. ಬರೆಯೋದು ಮಾತ್ರ ಬೇರೆ, ಒತ್ತು ಇಲ್ಲದಾಗ ಎ ಎಂ, ಒತ್ತು ಇದ್ದಾಗ ಎ ಮೇಲೆ ತಿಲ್ ಅನ್ನೋ ಅಲೆಗೆರೆ ಹಾಕಿ ಪಕ್ಕ ಓ. ಟೀಚರು ನಿನ್ನೆ, ನಾಳೆ ಅನ್ನೋ ಪದ ತೆಗೆದುಹಾಕಿ ಬರೀ ವಾಕ್ಯ ಹೇಳಿ ಉಕ್ತಲೇಖನ ಬರೆಸೋರು. ಇಪ್ಪತ್ತು ವಾಕ್ಯದಲ್ಲಿ ಮೊದಲ ದಿನ ಒಂಬತ್ತು ಸರಿ. ಜಗಣನಾ ಸಗಣನಾ ಅಂತ ಬೆರಳು ಮಡಚಿ ಕೇಳೋಕೆ ಶುರು ಮಾಡಿದ ಮೇಲೆ ಹದಿನೇಳು, ಆಮೇಲೆ ಇಪ್ಪತ್ತಕ್ಕೆ ಇಪ್ಪತ್ತು. ಮಾತಲ್ಲಿ ಜನ ಭವಿಷ್ಯಕ್ಕೆ ಹೆಚ್ಚಾಗಿ "ಹೋಗ್ತಾರೆ" ಸೇರಿಸಿ ಬೇರೆ ಥರ ಹೇಳ್ತಾರೆ ನಿಜ, ಆದ್ರೆ ಸುದ್ದೀಲಿ, ಆಫೀಸ್ ಪತ್ರದಲ್ಲಿ ಈ ರೂಪ ಬರ್ತಾನೇ ಇರತ್ತೆ.

ಓದೋವಾಗ ಒತ್ತು ಎಲ್ಲಿ ಅಂತ ಊಹೆ ಮಾಡ್ಬೇಕಿಲ್ಲ, ಬರವಣಿಗೆಯಲ್ಲೇ ಇದೆ. ಪದ ಎ, ಇ, ಓ, ಎ ಎಂ, ಇ ಎಂ ಇವುಗಳಲ್ಲಿ ಮುಗಿದ್ರೆ (ಅದರ ಕೊನೆಗೆ ಎಸ್ ಸೇರಿದ್ರೂ ಸರಿ) ಒತ್ತು ಕೊನೆಯಿಂದ ಎರಡನೇದು. ಆರ್, ಎಲ್, ಝಡ್, ಐ, ಯು ಇವುಗಳಲ್ಲಿ ಮುಗಿದ್ರೆ ಕೊನೇದು, ಅದಕ್ಕೇ ಫಲಾರ್, ಫಲೇಯ್, ಫಲೋ ಯಾವುದಕ್ಕೂ ಗುರುತು ಇಲ್ಲ. ಇದಕ್ಕೆ ತಪ್ಪಿ ನಡೆಯೋ ಪದಕ್ಕೆ ಮಾತ್ರ ಮೇಲೊಂದು ಓರೆಗೆರೆ, ಫ-ಲ-ರಾ ಥರ. ಕೊನೆಯಿಂದ ಮೂರನೇ ಅಕ್ಷರದ ಮೇಲೆ ಒತ್ತು ಬಂದ್ರಂತೂ ಗೆರೆ ಕಡ್ಡಾಯ, ಫ-ಲಾ-ವ-ಮುಶ್, "ನಾವು ಮಾತಾಡ್ತಿದ್ವಿ". "ನಾವು ಮಾತಾಡಿದ್ವಿ" ಅನ್ನೋ ಫಲಾಮುಶ್‌ಗೆ ಇಲ್ಲಿ ಗೆರೆ ಹಾಕ್ತಾರೆ, ಇವತ್ತಿನ ಫಲಾಮುಶ್‌ನಿಂದ ಬೇರೆ ಕಾಣಲಿ ಅಂತ, ಬಾಯಿ ಕೂಡ ಸ್ವಲ್ಪ ಜಾಸ್ತಿ ತೆರೀತಾರೆ. ಒಂದು ಕಿವಿಮಾತು: ಹಳೇ ಪುಸ್ತಕ ತಗೋಬೇಡಿ. 1990ರ ಕಾಗುಣಿತ ಒಪ್ಪಂದ ಇಲ್ಲಿ 2009ರಿಂದ ಜಾರಿಗೆ ಬಂದಿದೆ, ಕೆಲವು ಗೆರೆ ತೆಗೆದುಹಾಕಿದ್ದಾರೆ. "ನಿಲ್ಲತ್ತೆ" ಅನ್ನೋ ಪಾರ ಮೇಲೆ ಮೊದಲು ಗೆರೆ ಇತ್ತು, ಈಗ ಇಲ್ಲ. ನಾನು ಸೆಕೆಂಡ್‌ಹ್ಯಾಂಡ್ ಪುಸ್ತಕ ಮೂರು ಯೂರೋಗೆ ಸಿಕ್ತು ಅಂತ ತಂದು ಎರಡು ವಾರ ಗೊಂದಲ ಪಟ್ಟೆ.

ಅಕ್ಷರ ಬಿಡಿಸೋದು ಬರೀ ಬಾಯಿಗೆ ಅಲ್ಲ, ಪರೀಕ್ಷೆ ಪೇಪರಿಗೂ ಬೇಕು. ಕೈಯಲ್ಲಿ ಬರೀತೀವಲ್ಲ, ಸಾಲಿನ ಕೊನೆಗೆ ಜಾಗ ಮುಗಿದ್ರೆ ಪದ ಎಲ್ಲಿ ಮುರೀಬೇಕು ಅನ್ನೋದಕ್ಕೆ ನಿಯಮ ಇದೆ. ಎರಡು ಆರ್, ಎರಡು ಎಸ್ ಬಂದ್ರೆ ಒಂದು ಈ ಸಾಲಿಗೆ ಒಂದು ಆ ಸಾಲಿಗೆ. ಸಿ ಎಚ್, ಎಲ್ ಎಚ್, ಎನ್ ಎಚ್ ಇವನ್ನ ಮಾತ್ರ ಯಾವತ್ತೂ ಒಡೀಬಾರದು, ಅವು ಒಂದೇ ದನಿ. ಕೊಂಪ್ರಾರ್ ಅಂದ್ರೆ ಕೊಂ-ಪ್ರಾರ್, ಪ ಮತ್ತು ರ ಜೊತೇಲಿ ಇರ್ಬೇಕು. "ಅದನ್ನ ಕೊಳ್ಳೋದು" ಅನ್ನೋ ಕೊಂಪ್ರಾ-ಲು ಥರದ್ದು ಅಡ್ಡಗೆರೆ ಇರೋ ಕಡೆನೇ ಮುರಿದ್ರೆ ಮುಂದಿನ ಸಾಲಿನ ಶುರುವಿಗೆ ಇನ್ನೊಂದು ಸಲ ಆ ಗೆರೆ ಹಾಕ್ಬೇಕು. ಇಷ್ಟೆಲ್ಲಾ ಬೇಡ ಅನ್ನಿಸಿದ್ರೆ ಪದಾನ ಮುರೀದೇ ಮುಂದಿನ ಸಾಲಿಗೆ ಹೋಗಿ, ಯಾರೂ ಏನೂ ಅನ್ನಲ್ಲ.

ಎರಡು ಸ್ವರ ಪಕ್ಕ ಪಕ್ಕ ಬಂದಾಗ ಇನ್ನೊಂದು ಪೇಚು. ಸಾಯ್ ಅಂದ್ರೆ ಹೊರಗೆ ಹೋಗ್ತಾನೆ, ಒಂದೇ ಅಕ್ಷರ. ಸ-ಈ ಅಂದ್ರೆ ನಾನು ಹೊರಗೆ ಹೋದೆ, ಎರಡು ಅಕ್ಷರ, ಈ ಮೇಲೆ ಗೆರೆ. ಇದನ್ನ ಅಡುಗೆಮನೇಲಿ ದಿನಾ ಹೇಳ್ತಾ ಇದ್ದೆ. ಒಂದಿನ ಅವ್ವ ಫೋನಲ್ಲಿ ಇದ್ದಾರೆ ಅನ್ನೋದು ಮರೆತು ಶುರು ಮಾಡಿದೀನಿ. "ಏ ತಂಗಿ, ಅಲ್ಲೆ ದೀಪಾ ಹಚ್ಚೋ ಹೊತ್ತೋ ಏನೋ, ಸಾಯಿ ಸಾಯಿ ಅಂತ ಏನ್ ಹಚ್ಚೀಯವಾ, ಬಿಡ್ತು ಅನ್ನು" ಅಂದ್ರು, ದನಿ ನಡುಗ್ತಿತ್ತು. ಎರಡು ಸಲ ಬಿಡ್ತು ಅಂದೆ. ಆ ಕ್ರಿಯಾಪದ ಆಮೇಲೆ ಟ್ರೈನಲ್ಲೇ ಓದಿದ್ದು.

ಟ್ರೈನೇ ನನ್ನ ಓದೋ ಕೋಣೆ ಆಗಿತ್ತು ಅನ್ನಿ. 40 ಯೂರೋ ತಿಂಗಳ ಪಾಸು ಹೆಂಗೂ ಇರ್ತಿತ್ತು, ಹೋಗ್ತಾ ಬರ್ತಾ ಇಯರ್‌ಫೋನಲ್ಲಿ ರೇಡಿಯೋ ಸುದ್ದಿ, ಕೈಯಲ್ಲಿ ಪೆನ್ಸಿಲ್, ಕೇಳಿದ ಪ್ರತಿ ಕ್ರಿಯಾಪದಕ್ಕೂ ತೊಡೆ ಮೇಲೆ ತಟ್ಟೋದು, ಲಘು ಲಘು ಗುರು. ಪೂರ್ತಿ ಅರ್ಥ ಆಗ್ಲಿಲ್ಲ ಅಂದ್ರೂ ಕಾಲ ಗೊತ್ತಾಗ್ತಿತ್ತು. ಆರು ತಿಂಗಳು ಹಿಂಗೇ.

ಎರಡನೇ ಪರೀಕ್ಷೆ ಯೂನಿವರ್ಸಿಟಿಯಲ್ಲೇ ಬರೆದೆ. ಬೆಳಿಗ್ಗೆಯಿಂದ ಮಳೆ. ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು, ನೋಂದಣಿ ಪ್ರಿಂಟು, ಎರಡು ಪೆನ್ನು, ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ. ಮುಕ್ಕಾಲು ಗಂಟೆ ಮುಂಚೆ ಹೋಗಿ, ರೂಮ್ ಹುಡುಕೋಕೇ ಟೈಮ್ ಬೇಕು. ಕೇಳಿಸ್ಕೊಳ್ಳೋ ಭಾಗದಲ್ಲಿ ಪ್ರತಿ ಆಡಿಯೋ ಎರಡು ಸಲ ಹಾಕ್ತಾರೆ. ಮೊದಲನೇ ಸಲ ಕಣ್ಣು ಮುಚ್ಚಿ ಬರೀ ಭಾರ ಕೇಳಿದೆ, ಎರಡನೇ ಸಲ ಉತ್ತರ ಹಾಕಿದೆ. ಹೋದ ಸಲ ಗಾಬರೀಲಿ ಎರಡೂ ಸಲ ಪ್ರಶ್ನೆಯನ್ನೇ ಓದ್ತಾ ಕೂತಿದ್ದೆ. ಬರೆಯೋದ್ರಲ್ಲಿ ಒಂದು ಸಣ್ಣ ಮೆಸೇಜು, ಒಂದು ಸ್ವಲ್ಪ ದೊಡ್ಡದು. ಮಾತಿನ ಭಾಗಕ್ಕೆ ಇಬ್ಬಿಬ್ಬರನ್ನ ಕರೀತಾರೆ, ನನ್ನ ಜೊತೆ ನೇಪಾಳದ ಒಬ್ಬ ಹುಡುಗ. ಹೊರಗೆ ಕಾಯೋವಾಗ ಅವನ ಕೈ ನಡುಗ್ತಿತ್ತು, ನಂದೂ. ಒಳಗೆ ಹೋದ್ಮೇಲೆ ಎಲ್ಲಿರ್ತೀರಿ ಅಂದ್ರು. "ಮೋರು ನ ಅಮದೋರ" ಅಂದೆ. ಸರಿಯಾಗಿ ಬಂತು ಅಂತ ನನ್ನ ಕಿವಿಗೇ ಕೇಳಿಸ್ತು, ಆಮೇಲೆ ಹೆದರಿಕೆ ಹೋಯ್ತು.

ಮತ್ತೆ ಎರಡು ತಿಂಗಳು ಕಾಯೋದು. ದಿನಾ ಇಮೇಲ್ ನೋಡೋದು. 78 ಬಂದಿದೆ, ಅವರ ಲೆಕ್ಕದಲ್ಲಿ ಬೋಂ, ಅಂದ್ರೆ ಉತ್ತಮ, 70ರಿಂದ 84ರ ತನಕ ಹಂಗಂತಾರೆ. ಎರಡು ಸಲದ ಫೀಸು, ಟೀಚರ್ ದುಡ್ಡು, ಪುಸ್ತಕ ಎಲ್ಲಾ ಸೇರಿ 400 ಯೂರೋ ಹತ್ರ ಹತ್ರ ಆಯ್ತು, ಮೊದಲನೇ ಸಲ ತಯಾರಾಗಿ ಹೋಗಿದ್ರೆ 300 ದಾಟ್ತಿರ್ಲಿಲ್ಲ.

ಮೊನ್ನೆ ಸರ್ಟಿಫಿಕೇಟ್ ಹಿಡ್ಕೊಂಡು ಅರ್ಜಿ ಕೊಡೋಕೆ ಹೋದೆ. ಫೈಲಲ್ಲಿ ಪಾಸ್‌ಪೋರ್ಟು, ಹಳೇ ಕಾರ್ಡು, ವಿಳಾಸದ ಕಾಗದ, ಟ್ಯಾಕ್ಸ್ ಕಾಗದ, ಎಲ್ಲದರ ಎರಡೆರಡು ಜೆರಾಕ್ಸು. ಫೀಸ್ ಹೇಳಿದ್ರು. ಒಂದು ಕ್ಷಣ ನಿಂತು ಮೊದಲನೇ ಅಕ್ಷರದ ಮೇಲೆ ಪೂರ್ತಿ ಭಾರ ಹಾಕಿ "ಪಾಗು ಕೊಂ ಕರ್ತೌಂ" ಅಂದೆ, ಕಾರ್ಡಲ್ಲಿ ಕೊಡ್ತೀನಿ. ಅವರು ತಲೆ ಎತ್ತದೇನೇ ಕಾರ್ಡ್ ಮೆಷಿನ್ ನನ್ನ ಕಡೆ ತಿರುಗಿಸಿದ್ರು.

ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಅವರು ಕೊಟ್ಟ ಚೀಟೀಲಿ ಪೋಸ್ಟಲ್ಲಿ "ಶಗರಾ" ಅಂತ ಬರೆದಿದೆ, ಕೊನೆಯ ಅಕ್ಷರದ ಮೇಲೆ ಗೆರೆ. ಶ-ಗ-ರಾ, ಸಗಣ. ಬರತ್ತೆ ಅಂತ.